ಸೀಡ್ ಫಂಡ್‌ನಲ್ಲಿ ಏನು ಮಾಡಬಹುದು?

ಪ್ರಶ್ನೆ: ವಿದೇಶಿ ಸಂಶೋಧಕರೊಂದಿಗೆ ಜಂಟಿ ಅಧ್ಯಯನ ಆರಂಭಿಸುವ ಅಧ್ಯಾಪಕರಿಗೆ ನಮ್ಮ ವಿಶ್ವವಿದ್ಯಾಲಯ ಸೀಡ್ ಫಂಡ್ (ಆರಂಭಿಕ ಧನಸಹಾಯ) ಪ್ರಕಟಿಸಿದೆ. ಅಘನಾಶಿನಿ ಅಳಿವೆಯ ಬಳಚಿನ (ತಿನ್ನುವ ಚಿಪ್ಪುಜೀವಿ) ಕುರಿತು ಅರ್ಜಿ ಹಾಕಬೇಕೆಂದಿದ್ದೇನೆ. ಈ ಹಣದಿಂದ ದೊಡ್ಡ ಉಪಕರಣ ಕೊಳ್ಳಬಹುದೇ? ಮಾದರಿಗಳನ್ನು ಹೊರದೇಶಕ್ಕೆ ಕಳುಹಿಸಬಹುದೇ?
– ಓರ್ವ ಅಧ್ಯಾಪಕಿ, ಕಾರವಾರ

ಉತ್ತರ: ಉಪಕರಣದ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ಸೀಡ್ ಫಂಡ್ ಸಾಮಾನ್ಯವಾಗಿ ಸಣ್ಣ ಮೊತ್ತದ್ದು. ಪರಸ್ಪರ ಭೇಟಿ, ಕಾರ್ಯಾಗಾರ ಮತ್ತು ಪ್ರಾಥಮಿಕ ದತ್ತಾಂಶ ಸಂಗ್ರಹಕ್ಕೆ ನೆರವಾಗಿ, ಮುಂದೆ ವಿದೇಶಿ ಸಂಸ್ಥೆಗಳೊಂದಿಗಿನ ಜಂಟಿ ಸಂಶೋಧನೆಗೆ ನೆರವಾಗುವ ಕೇಂದ್ರದ ಸ್ಪಾರ್ಕ್‌ನಂಥ ಯೋಜನೆಗೆ ಗಟ್ಟಿಯಾದ ಪ್ರಸ್ತಾವ ಸಲ್ಲಿಸುವಂತಾಗಲಿ ಎಂಬುದೇ ಅದರ ಉದ್ದೇಶ. ಆದ್ದರಿಂದ ಅರ್ಜಿಯಲ್ಲಿ ವಿದೇಶಿ ಸಹಯೋಗಿ ಏನು ಮಾಡುತ್ತಾರೆ, ನೀವೇನು ಮಾಡುತ್ತೀರಿ ಎಂಬುದನ್ನು ಬೇರೆಬೇರೆಯಾಗಿ ಬರೆಯಿರಿ. ಅವರ ಒಪ್ಪಿಗೆ ಪತ್ರದಲ್ಲಿ ಬರೀ ಶುಭಾಶಯವಿದ್ದರೆ ಪರಿಶೀಲನಾ ಸಮಿತಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಾರದು.

ನಿಜವಾದ ತೊಡಕಿರುವುದು ನಿಮ್ಮ ಎರಡನೆಯ ಪ್ರಶ್ನೆಯಲ್ಲಿ. ಇಳಿತದ ಹೊತ್ತಿಗೆ ಮೊಣಕಾಲುದ್ದ ಕೆಸರಿನಲ್ಲಿ ಆಯ್ದ ಬಳಚು ಪೇಟೆಯಲ್ಲಿ ಬುಟ್ಟಿಗಟ್ಟಲೆ ಸಿಗಬಹುದು. ಆದರೆ ಸಂಶೋಧನೆಗೆಂದು ವಿದೇಶಿಯರ ಕೈಸೇರುವಾಗ ಅದು 2002ರ ಜೀವವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುವ ಜೈವಿಕ ಸಂಪನ್ಮೂಲ. ಇದಕ್ಕೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಸಂಸ್ಥೆಗಳ ನಡುವೆ ನಡೆಯುವ, ಕೇಂದ್ರದ ಮಾರ್ಗಸೂಚಿಗೆ ಒಳಪಟ್ಟು ಅನುಮೋದನೆ ಪಡೆದ ಸಹಯೋಗ ಯೋಜನೆಗಳಿಗೆ ಇದೇ ಕಾಯ್ದೆಯ 5ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆಯಾದರೂ, ಸೀಡ್ ಫಂಡ್ ಮಂಜೂರಾದ ಮಾತ್ರಕ್ಕೆ ಅದು ತಾನಾಗಿ ದೊರಕದು. ಅಘನಾಶಿನಿ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿರುವುದರಿಂದ, ಅರಣ್ಯ ಇಲಾಖೆಯನ್ನೂ ಮೊದಲೇ ವಿಚಾರಿಸುವುದು ಒಳಿತು.

ಮೊದಲ ವರ್ಷ ವಿಶ್ಲೇಷಣೆಯನ್ನೆಲ್ಲ ಇಲ್ಲಿಯೇ ಮಾಡಿ, ಸಹಯೋಗಿಯನ್ನೇ ಕಾರವಾರಕ್ಕೆ ಕರೆಸುವ ಬಜೆಟ್ ಹಾಕುವುದು ನನಗೆ ಸರಿಯೆನಿಸುತ್ತದೆ. ಆದರೆ ಮಳೆಗಾಲದಲ್ಲಿ ಮಾತ್ರ ಬೇಡ.