ಏಳು ತಿಂಗಳಿಗೇ ಹುಟ್ಟಿದವಳು, ಒಂದನೇ ಕ್ಲಾಸಿಗೆ ಯಾವಾಗ?

(ಗುರುತು ಸಿಗದಂತೆ ವಿವರ ಬದಲಿಸಿದೆ.)

ಅರಸೀಕೆರೆ ಕಡೆಯ ತೆಂಗಿನ ತೋಟದ ಮನೆತನ. ಮಗಳಿಗೆ ಐದೂವರೆ, ಯುಕೆಜಿ. ‘ಹೇಳಿದ್ದನ್ನು ಅರ್ಧಕ್ಕೇ ಬಿಡ್ತಾಳೆ’ ಎಂದು ಟೀಚರ್ ಡೈರಿಯಲ್ಲಿ ಬರೆದಿದ್ದರು. ಅಪ್ಪನ ಪ್ರಕಾರ ಸೋಮಾರಿತನ. ಅಜ್ಜಿ ಮಾತ್ರ, “ಏಳು ತಿಂಗಳ ಕೂಸಲ್ವಾ ಮೇಡಂ, ಬುದ್ಧಿ ಅಷ್ಟೇ” ಎಂದರು. ಐಕ್ಯೂ ವರದಿ ನೋಡಿದೆ, ಸರಾಸರಿಯಲ್ಲೇ ಇತ್ತು.

“ಕೆಂಪು ಚೆಂಡು ತಗೊಂಡು ಬುಟ್ಟೀಲಿ ಹಾಕು, ಬಾಗಿಲು ಮುಚ್ಚು, ಅಮ್ಮನ ಹತ್ರ ಕೂತ್ಕೋ” ಎಂದೆ. ಚೆಂಡು ಹಿಡಿದು ನಿಂತವಳು ನನ್ನ ಮುಖವನ್ನೇ ನೋಡಿದಳು. ಒಂದೊಂದಾಗಿ ಹೇಳಿದಾಗ ಮೂರನ್ನೂ ಚಕಚಕನೆ ಮಾಡಿದಳು. ಅವಳಿಗೆ ಅರ್ಥವಾಗುತ್ತದೆ, ಮೂರು ಮಾತು ಒಟ್ಟಿಗೆ ತಲೆಯಲ್ಲಿ ನಿಲ್ಲುವುದಿಲ್ಲ.

ಹುಟ್ಟಿದ್ದು 30ನೇ ವಾರಕ್ಕೆ. ಮಿದುಳಿನ ಮಡಿಕೆಗಳು, ನರಗಳ ಜೋಡಣೆ ಭರದಿಂದ ಬೆಳೆಯುವುದೇ ಕೊನೆಯ ಹತ್ತು ವಾರ. ಆ ಕಾಲವನ್ನು ಇವಳು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಕಳೆದಿದ್ದಾಳೆ. 32 ವಾರಕ್ಕೆ ಮೊದಲೇ ಹುಟ್ಟಿದ ಎಷ್ಟೋ ಮಕ್ಕಳು ನಡಿಗೆ, ಮಾತಿನಲ್ಲಿ ಸರಿಯಾಗಿದ್ದೂ ಶಾಲೆಗೆ ಬಂದ ಮೇಲೆ ಗಮನ, ನೆನಪು, ಲೆಕ್ಕದಲ್ಲಿ ತಡವರಿಸುತ್ತಾರೆ. ಎಲ್ಲರೂ ಅಲ್ಲ.

ತಾಯಿ ಕೇಳಿದ ಪ್ರಶ್ನೆಯೇ ಮುಖ್ಯದ್ದು: ಬರುವ ಜೂನ್‌ಗೆ ಒಂದನೇ ಕ್ಲಾಸಿಗೆ ಸೇರಿಸೋದಾ, ಇನ್ನೊಂದು ವರ್ಷ ಕಾಯೋದಾ? ಹುಟ್ಟಿದ್ದು ಮೇ ಕೊನೇ ವಾರ, ಡಾಕ್ಟರ್ ಕೊಟ್ಟಿದ್ದ ಡೇಟ್ ಆಗಸ್ಟ್. ದಿನ ತುಂಬಿ ಹುಟ್ಟಿದ್ದರೆ, ಒಂದನೇ ಕ್ಲಾಸಿಗೆ ವಯಸ್ಸು ಲೆಕ್ಕ ಹಾಕುವ ಜೂನ್ 1ಕ್ಕೆ ಆರು ತುಂಬುತ್ತಲೇ ಇರಲಿಲ್ಲ! ಡಾಕ್ಟರುಗಳು ಈ ವ್ಯತ್ಯಾಸ ಕಳೆದು ವಯಸ್ಸು ಲೆಕ್ಕ ಹಾಕುವುದು ಸಾಮಾನ್ಯವಾಗಿ ಎರಡು ವರ್ಷದವರೆಗೆ. ಶಾಲೆಯವರು ನೋಡುವುದು ಜನನ ಪ್ರಮಾಣಪತ್ರ ಮಾತ್ರ.

ಇನ್ನೊಂದು ವರ್ಷ ಯುಕೆಜಿಯಲ್ಲೇ ಇರಲಿ ಎಂದೆ. “ವರ್ಷ ವೇಸ್ಟ್” ಎಂದು ಅಪ್ಪ ಮುಖ ಗಂಟಿಕ್ಕಿದರು. ಅವರ ಮಾತಿನಲ್ಲೂ ಹುರುಳಿದೆ: ಬರೀ ತಡವಾಗಿ ಸೇರಿಸಿದ ಮಾತ್ರಕ್ಕೆ ಅವಧಿಪೂರ್ವ ಮಕ್ಕಳು ಮುಂದೆ ಚೆನ್ನಾಗಿ ಓದುತ್ತಾರೆ ಎಂದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಆ ವರ್ಷದಲ್ಲಿ ಏನು ಮಾಡುತ್ತೀರಿ ಅನ್ನುವುದೇ ಲೆಕ್ಕಕ್ಕೆ ಬರುವುದು.

ಹಾಗಾಗಿ ಟ್ಯೂಷನ್ ಬೇಡ. ಒಂದು ಸಲಕ್ಕೆ ಒಂದೇ ಮಾತು; ಅದು ಪಳಗಿದ ಮೇಲೆ ಎರಡು. ಸಂಜೆ ಅಜ್ಜಿಯ ಜೊತೆ ಅಳಿಗುಳಿ ಮನೆ: ಹುಣಸೆಬೀಜ ಎಣಿಸುವುದು, ತನ್ನ ಸರದಿಗೆ ಕಾಯುವುದು, ಎದುರಿನವರ ಆಟ ನೆನಪಿಡುವುದು, ಮೂರೂ ಒಂದರಲ್ಲೇ ಸಿಗುತ್ತವೆ. (ಅಜ್ಜಿ ಇಲ್ಲಿ ಮೊದಲ ಸಲ ನಕ್ಕರು.) ತರಗತಿಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಲು ಟೀಚರಿಗೆ ಚೀಟಿ ಬರೆದುಕೊಟ್ಟೆ. ಕಣ್ಣು, ಕಿವಿಯನ್ನು ಮತ್ತೊಮ್ಮೆ ತೋರಿಸಬೇಕು. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆ ಅಡಿ ಅದು ಉಚಿತ.

ದಾಖಲಾತಿ ಶುರುವಾಗುವ ಮೊದಲು ಮತ್ತೆ ಬರಲು ಹೇಳಿದ್ದೇನೆ, ಎನ್‌ಐಸಿಯು ಡಿಸ್ಚಾರ್ಜ್ ಫೈಲ್ ಸಮೇತ.