ಡಿಪೆಷ್ ಮೋಡ್: ಮೊದಲ ಆಲ್ಬಮ್‌ನಲ್ಲಿ ಬೇರೆಯೇ ಬ್ಯಾಂಡ್ ಕೇಳಿಸುತ್ತದಲ್ಲ?

ಪ್ರಶ್ನೆ: ಬ್ರಿಟನ್ನಿನ ಡಿಪೆಷ್ ಮೋಡ್ ಬ್ಯಾಂಡಿನ ‘ವಯೊಲೇಟರ್’ (1990) ನನಗೆ ತುಂಬಾ ಇಷ್ಟ. ಅದೇ ಹುಮ್ಮಸ್ಸಿನಲ್ಲಿ ಅವರ ಮೊದಲ ಆಲ್ಬಮ್ ‘ಸ್ಪೀಕ್ ಆ್ಯಂಡ್ ಸ್ಪೆಲ್’ (1981) ಹಾಕಿದೆ. ಮಕ್ಕಳ ಆಟಿಕೆ ಸದ್ದು ಮಾಡಿದ ಹಾಗಿದೆ! ಆ ಗಾಢವಾದ ಸಂಗೀತ ಮಾಡಿದವರು ಇವರೇನಾ?

ಉತ್ತರ: ಬ್ಯಾಂಡ್ ಅದೇ, ಹಾಡುವ ದನಿಯೂ ಹೆಚ್ಚಾಗಿ ಡೇವ್ ಗಹಾನ್ ಅವರದೇ. ಆದರೆ ಹಾಡು ಬರೆದವರು ಬೇರೆ. ನೀವು ಮೆಚ್ಚಿದ ‘ವಯೊಲೇಟರ್’ ಹಾಡುಗಳು ಮಾರ್ಟಿನ್ ಗೋರ್ ಬರೆದವು. ಮೊದಲ ಆಲ್ಬಮ್‌ನ ಹನ್ನೊಂದರಲ್ಲಿ ಗೋರ್ ಪಾಲು ಎರಡೇ: ‘ಟೋರಾ! ಟೋರಾ! ಟೋರಾ!’ ಮತ್ತು ಮಾತಿಲ್ಲದ ‘ಬಿಗ್ ಮಫ್’. ಉಳಿದದ್ದೆಲ್ಲ ವಿನ್ಸ್ ಕ್ಲಾರ್ಕ್ ಅವರದು. ಆಲ್ಬಮ್ ಬಂದ ಸ್ವಲ್ಪ ದಿನಕ್ಕೇ ಅವರು ಬ್ಯಾಂಡ್ ಬಿಟ್ಟು ಆಲಿಸನ್ ಮೊಯೆ ಜೊತೆ ಯಾಜೂ ಎಂಬ ಬ್ಯಾಂಡ್ ಶುರುಮಾಡಿದರು, ಆಮೇಲೆ ಇರೇಶರ್ ಬ್ಯಾಂಡ್. ಹಾಗಾಗಿ ಇದನ್ನು ‘ವಯೊಲೇಟರ್’ ಪಕ್ಕ ಇಟ್ಟು ಕೇಳಬೇಡಿ. ಯಾಜೂ ಪಕ್ಕ ಇಡಿ, ತಟ್ಟನೆ ಹೊಂದುತ್ತದೆ.

ಆಟಿಕೆ ಅನ್ನಿಸಿದ್ದು ನಿಮ್ಮ ತಪ್ಪೂ ಅಲ್ಲ. ಆಲ್ಬಮ್‌ನ ಹೆಸರೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಮಾತಾಡುವ ಆಟಿಕೆಯದು. ಮಕ್ಕಳಿಗೆ ಸ್ಪೆಲಿಂಗ್ ಕಲಿಸಲು 1978ರಲ್ಲಿ ಬಂದದ್ದು. ಇನ್ನು ಸದ್ದು ಅಷ್ಟು ತೆಳ್ಳಗಿರುವುದಕ್ಕೆ ಕಾರಣ ವಾದ್ಯಗಳು. ಎಸೆಕ್ಸ್‌ನ ಬ್ಯಾಸಿಲ್ಡನ್ ಊರಿನ ಈ ನಾಲ್ವರಿಗೆ ಆಗ ಇಪ್ಪತ್ತರ ಆಸುಪಾಸು. ಮೂಗ್ ಪ್ರಾಡಿಜಿ, ಯಮಾಹಾ ಸಿಎಸ್-5ನಂಥ ಅಗ್ಗದ ಸಿಂಥಸೈಜರ್‌ಗಳು (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಕೀಬೋರ್ಡ್‌ಗಳು) ಅವರ ಬಳಿ ಇದ್ದವು. ಇವು ಒಂದು ಸಲಕ್ಕೆ ಒಂದೇ ಸ್ವರ ನುಡಿಸುತ್ತವೆ. ಮೂರು ಕೀ ಒಟ್ಟಿಗೆ ಒತ್ತಿದರೂ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ, ಬರುವುದಿಲ್ಲ. ಹಾಗಾಗಿ ಪುಟ್ಟ ಪುಟ್ಟ ರಾಗದ ಎಳೆಗಳನ್ನು ಒಂದರ ಮೇಲೊಂದು ರೆಕಾರ್ಡ್ ಮಾಡಿ ಹಾಡು ಕಟ್ಟಬೇಕಿತ್ತು. ‘ನ್ಯೂ ಲೈಫ್’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಒಂದು ಎಳೆ ಕೇಳುತ್ತದೆ, ಇನ್ನೊಂದು ಉತ್ತರ ಕೊಡುತ್ತದೆ, ಮಧ್ಯೆ ಬೇಕಾದಷ್ಟು ಖಾಲಿ ಜಾಗ. ಕಾರ್ಡ್ ಒತ್ತಿ ಹಿಡಿದು ಜಾಗ ತುಂಬಿಸುವ ಸೋಮಾರಿತನ ಇಲ್ಲಿಲ್ಲ. ನನ್ನ ಮಟ್ಟಿಗೆ ಈ ಆಲ್ಬಮ್‌ನ ನಿಜವಾದ ಚೆಲುವು ಅದೇ.

ಜೊತೆಗೆ ನಿಂತ ನಿರ್ಮಾಪಕ, ಆಲ್ಬಮ್ ಹೊರತಂದ ಮ್ಯೂಟ್ ರೆಕಾರ್ಡ್ಸ್‌ನ ಡೇನಿಯಲ್ ಮಿಲ್ಲರ್. ರೆಕಾರ್ಡಿಂಗ್ ನಡೆದದ್ದು ಲಂಡನ್‌ನ ಹಳೆಯ ಚರ್ಚೊಂದರಲ್ಲಿದ್ದ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲಿ. ಮಿಲ್ಲರ್ ತಮ್ಮ ಆರ್ಪ್ 2600 ಸಿಂಥ್ ಮತ್ತು ಸೀಕ್ವೆನ್ಸರ್ (ಸ್ವರಗಳನ್ನು ಹೊಂದಿಸಿಟ್ಟ ಸರದಿಯಲ್ಲಿ ತಾನಾಗಿಯೇ ನುಡಿಸುವ ಯಂತ್ರ) ತಂದರು. ಡ್ರಮ್ ಅಂತ ಕೇಳಿಸುವ ಟಕ್ ಟಕ್ ಸದ್ದೂ ಬಹುತೇಕ ಆ ಸಿಂಥ್‌ನಲ್ಲೇ ಹುಟ್ಟಿದ್ದು. ತಾಳ ಒಂದಿಷ್ಟೂ ಅಲುಗದಿರುವುದು ಸೀಕ್ವೆನ್ಸರ್‌ನಿಂದ. ಗೋದಾಮಿನ ಕಬ್ಬಿಣ ಬಡಿದಂಥ ಸದ್ದುಗಳೆಲ್ಲ ಆಮೇಲೆ, ಹೊರಗಿನ ಸದ್ದನ್ನು ರೆಕಾರ್ಡ್ ಮಾಡಿಕೊಂಡು ನುಡಿಸುವ ಸ್ಯಾಂಪ್ಲರ್ ಜೊತೆ ಬಂದವು, 1983ರ ಮೂರನೇ ಆಲ್ಬಮ್ ಹೊತ್ತಿಗೆ.

ಎಲ್ಲ ಹಾಡೂ ಚೆನ್ನಾಗಿವೆ ಅಂತ ಹೇಳಲಾರೆ. ‘ವಾಟ್ಸ್ ಯುವರ್ ನೇಮ್?’ ಬಿಟ್ಟರೂ ನಷ್ಟವಿಲ್ಲ. ನಿಮ್ಮ ರುಚಿಗೆ ‘ಫೋಟೋಗ್ರಾಫಿಕ್’ನಿಂದ ಶುರುಮಾಡಿ. ಅದು ಕ್ಲಾರ್ಕ್ ಬರೆದದ್ದೇ, ಆದರೂ ಚಳಿ ಹುಟ್ಟಿಸುವಷ್ಟು ತಣ್ಣಗಿದೆ. ಆಮೇಲೆ ‘ಟೋರಾ!’, ಕೊನೆಗೆ ಗೋರ್ ಅವರೇ ಹಾಡಿದ ‘ಎನಿ ಸೆಕೆಂಡ್ ನೌ’.

ಪ್ರಶ್ನೆ: ನನ್ನ ಹತ್ತಿರ ಇರುವ ಇದೇ ಆಲ್ಬಮ್‌ನಲ್ಲಿ ‘ಡ್ರೀಮಿಂಗ್ ಆಫ್ ಮಿ’ ಇದೆ, ಗೆಳೆಯನ ಎಲ್‌ಪಿಯಲ್ಲಿ ಇಲ್ಲ. ಯಾವುದು ಅಸಲಿ?

ಉತ್ತರ: ಎರಡೂ ಅಸಲಿಯೇ. ಅದು ಬ್ಯಾಂಡಿನ ಮೊದಲ ಸಿಂಗಲ್, ಅಂದರೆ ಬಿಡಿಯಾಗಿ ಹೊರತಂದ ಹಾಡು. 1981ರ ಬ್ರಿಟನ್ ಎಲ್‌ಪಿಯಲ್ಲಿ ಸೇರಿಸಿರಲಿಲ್ಲ. ಅಮೆರಿಕದ ಆವೃತ್ತಿಯಲ್ಲಿ ‘ಐ ಸಮ್‌ಟೈಮ್ಸ್ ವಿಶ್ ಐ ವಾಸ್ ಡೆಡ್’ ತೆಗೆದು ಇದನ್ನು ಹಾಕಿದರು, ‘ಜಸ್ಟ್ ಕಾಂಟ್ ಗೆಟ್ ಇನಫ್’ ಹಾಡಿನ ಉದ್ದದ ಮಿಕ್ಸ್ ಕೊಟ್ಟರು, ಹಾಡುಗಳ ಸರದಿಯನ್ನೂ ಬದಲಿಸಿದರು. ಮೊದಲ ಸಲ ಕೇಳುವುದಾದರೆ ಗೆಳೆಯನದನ್ನೇ ಎರವಲು ತನ್ನಿ.