ಮಾತಾಡಿಸಲು ಯಾರೂ ಬಾರದ ಸಾವು

ಆಪ್ತಸಲಹೆಗೆಂದು ನನ್ನ ಬಳಿ ಬಂದವರೊಬ್ಬರ ಕಥೆಯಿದು. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.

ಬಸಪ್ಪ ಎಂದು ಕರೆಯೋಣ. 56 ವರ್ಷ, ಹುಬ್ಬಳ್ಳಿಯಲ್ಲಿ ಬಸ್ ಚಾಲಕರು, ಹೆಚ್ಚಾಗಿ ರಾತ್ರಿ ಪಾಳಿ. ಧಾರವಾಡದ ನನ್ನ ಕೊಠಡಿಗೆ ಅವರನ್ನು ಕರೆತಂದವರು ಹೆಂಡತಿ ಶಾಂತವ್ವ. ಎರಡು ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎಂದು ಹೇಳಿದವರೂ ಅವರೇ. ಕಾರಣ ಕೇಳಿದಾಗ ಬಸಪ್ಪ ಕಿಟಕಿಯ ಕಡೆ ನೋಡುತ್ತ, "ಏನಿಲ್ಲ ಮೇಡಂ, ಮನೆಯಲ್ಲಿ ನಾಯಿ ತೀರಿಕೊಂಡಿತು" ಎಂದರು.

ಆ "ಏನಿಲ್ಲ" ಎಂಬುದನ್ನು ಬಿಡಿಸಲು ನಮಗೆ ನಾಲ್ಕು ಭೇಟಿಗಳು ಬೇಕಾದವು.

ಮೋತಿ ನಾಡು ನಾಯಿ. ಮಳೆಯ ರಾತ್ರಿಯೊಂದರಲ್ಲಿ ಡಿಪೋದೊಳಗೆ, ನಿಂತ ಬಸ್ಸಿನ ಹಿಂಗಾಲಿಯ ಮಗ್ಗುಲಲ್ಲಿ ನಡುಗುತ್ತ ಕುಳಿತಿದ್ದ ಮರಿಯನ್ನು ಬಸಪ್ಪ ಟವಲಿನಲ್ಲಿ ಸುತ್ತಿ ಮನೆಗೆ ತಂದಿದ್ದರು. ಅಲ್ಲಿಂದ 14 ವರ್ಷ ಮನೆಯಲ್ಲಿ ಬಾಳಿತು. ಪಾಳಿ ಮುಗಿಸಿ ಅವರು ನಸುಕಿನ ನಾಲ್ಕೂವರೆಗೆ ಬರುವಾಗ ಓಣಿಯೆಲ್ಲ ಮಲಗಿರುತ್ತಿತ್ತು. ಗೇಟಿನ ಹಿಂದೆ ಮೋತಿ ಮಾತ್ರ ಎಚ್ಚರ. ಇಬ್ಬರೂ ಕಟ್ಟೆಯ ಮೇಲೆ ಹತ್ತು ನಿಮಿಷ ಕುಳಿತು ಒಳಗೆ ಹೋಗುವುದು ರೂಢಿ. ಈಗಲೂ ಊಟಕ್ಕೆ ಕುಳಿತರೆ ಕೈ ತಾನಾಗಿ ರೊಟ್ಟಿಯ ಅಂಚು ಮುರಿದು ತಾಟಿನ ಪಕ್ಕಕ್ಕೆ ಇಡುತ್ತದೆ. ಇಟ್ಟ ಮೇಲೆ ನೆನಪಾಗುತ್ತದೆ. ಆಮೇಲೆ ತುತ್ತು ಇಳಿಯುವುದಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚಿಸಗೊಡುವುದಿಲ್ಲ. ಬೀಗರು, ನೆರೆಯವರು ರೊಟ್ಟಿ, ಝುಣಕದ ಬುತ್ತಿ ಕಟ್ಟಿಕೊಂಡು ಮಾತಾಡಿಸಲು ಬರುತ್ತಾರೆ. ಬಂದವರಿಗೆಲ್ಲ ಸಾವಿನ ಕಥೆಯನ್ನು ಮೊದಲಿನಿಂದ ಹೇಳಿ ಹೇಳಿಯೇ ಮನೆಯವರ ಎದೆಭಾರ ಇಳಿಯುತ್ತದೆ. ಇದಕ್ಕಿಂತ ದೊಡ್ಡ ಆಪ್ತಸಲಹೆಯನ್ನು ನಾನು ಕಂಡಿಲ್ಲ. ಮೋತಿ ಸತ್ತಾಗ ಆ ಮನೆಗೆ ಯಾರೂ ಬರಲಿಲ್ಲ. ಅಣ್ಣ ಫೋನಿನಲ್ಲಿ "ನಾಯಿಗೆ ಇಷ್ಟು ಅಳುವುದೇ?" ಎಂದರು. ಬೆಂಗಳೂರಿನ ಮಗ, ಪಾಪ ಒಳ್ಳೆಯ ಮನಸ್ಸಿನಿಂದಲೇ, ಬೇರೆ ಮರಿ ತರಿಸುತ್ತೇನೆಂದ. ಸಮಾಜ ಲೆಕ್ಕಕ್ಕೆ ತೆಗೆದುಕೊಳ್ಳದ ಇಂಥ ದುಃಖ ಒಳಗೇ ಹೆಪ್ಪುಗಟ್ಟುವುದನ್ನು ಸಾವಿನ ದುಃಖವನ್ನು ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲೇ ವಿವರಿಸಿದ್ದಾರೆ. ಸಾಕುಪ್ರಾಣಿಯ ಸಾವು ಅದಕ್ಕೆ ನೇರ ಉದಾಹರಣೆ.

ಎರಡನೆಯ ಭೇಟಿಯಲ್ಲಿ ಅಪರಾಧಭಾವ ಹೊರಬಂತು. ಮೋತಿಗೆ ಮೂತ್ರಪಿಂಡ ಕೈಕೊಟ್ಟಿತ್ತು. ಬಹಳ ನೀರು ಕುಡಿಯುತ್ತಿದ್ದುದನ್ನು ಇವರು ಬೇಸಿಗೆಯ ಝಳವೆಂದುಕೊಂಡಿದ್ದರು. ಕೊನೆಗೆ ಅನ್ನ ಬಿಟ್ಟು, ಏಳಲಾಗದೆ ನರಳತೊಡಗಿದಾಗ ಪಶುವೈದ್ಯರು ದಯಾಮರಣದ ಮಾತೆತ್ತಿದರು. ಬಸಪ್ಪ ಒಪ್ಪಿದರು. ಆದರೆ ಸೂಜಿ ಚುಚ್ಚುವ ಹೊತ್ತಿಗೆ ಗೇಟಿನ ಹೊರಗೆ ಹೋಗಿ ನಿಂತರು. "14 ವರ್ಷ ಅದು ನನಗೆ ಗೇಟಿನಲ್ಲಿ ಕಾದಿತ್ತು ಮೇಡಂ. ಅದರ ಕಡೆಯ ಹೊತ್ತಿನಲ್ಲಿ ನಾನು ಗೇಟು ದಾಟಿ ಹೋದೆ."

ಇಂಥ ಕಡೆ "ನಿಮ್ಮ ತಪ್ಪಿಲ್ಲ" ಎಂದು ತಟ್ಟನೆ ಹೇಳಬಾರದು. ಹೇಳಿದರೆ ಮಾತು ನಿಂತುಹೋಗುತ್ತದೆ, ತಪ್ಪಿನ ಭಾವ ಉಳಿಯುತ್ತದೆ. ಪೂರ್ತಿ ಕೇಳಿದೆ. ಆಮೇಲೆ ಆ ಪಶುವೈದ್ಯರನ್ನೇ ಕಂಡು ಎಲ್ಲವನ್ನೂ ಕೇಳಿ ಬರಲು ಹೇಳಿದೆ. ಮೂತ್ರಪಿಂಡಗಳ ಮೂರರಲ್ಲಿ ಎರಡು ಪಾಲು ಹಾಳಾಗುವವರೆಗೂ ನಾಯಿಯಲ್ಲಿ ಹೊರಗೆ ಲಕ್ಷಣ ಕಾಣುವುದು ಕಡಿಮೆ. ಅತಿಯಾದ ದಾಹ ಕಂಡಾಗಲೇ ಹಾನಿ ಬಹಳ ಮುಂದುವರಿದಿರುತ್ತದೆ. ದಯಾಮರಣದಲ್ಲಿ ಕೊಡುವುದು ಅರಿವಳಿಕೆ ಔಷಧದ ಹೆಚ್ಚಿನ ಪ್ರಮಾಣ. ಮೊದಲು ಪ್ರಜ್ಞೆ ಹೋಗುತ್ತದೆ, ಉಸಿರು ಮತ್ತು ಹೃದಯ ನಿಲ್ಲುವುದು ಅದರ ನಂತರ. ಇದನ್ನು ನಾನು ಹೇಳುವುದಕ್ಕೂ ಮೋತಿಯ ಮೈ ಮುಟ್ಟಿ ನೋಡಿದ ವೈದ್ಯರು ಹೇಳುವುದಕ್ಕೂ ವ್ಯತ್ಯಾಸವಿದೆ. ಆ ರಾತ್ರಿ ಬಸಪ್ಪ ಐದು ಗಂಟೆ ಮಲಗಿದರು.

ಮನೆಯಲ್ಲಿ ಇನ್ನೊಂದು ಗಂಟಿತ್ತು. ಮೋತಿ ಮಲಗುತ್ತಿದ್ದುದು ಬಸಪ್ಪನವರ ತಾಯಿಯ ಇಳಕಲ್ ಸೀರೆಗಳಿಂದ ಹೊಲಿದ ಹಳೆಯ ಕೌದಿಯ ಮೇಲೆ. ಸತ್ತ ಮರುದಿನವೇ ಶಾಂತವ್ವ ಅದನ್ನು ಒಗೆದು ಒಣಹಾಕಿದರು. ವಾಸನೆ ಹೋಯಿತೆಂದು ಬಸಪ್ಪ ನಾಲ್ಕು ದಿನ ಅವರೊಡನೆ ಮಾತಾಡಲಿಲ್ಲ. ನನ್ನೆದುರು ಶಾಂತವ್ವ ಮೊದಲ ಬಾರಿ ದನಿ ಏರಿಸಿದರು: "ಸೂಜಿ ಹಾಕುವಾಗ ಅದರ ತಲೆ ನನ್ನ ತೊಡೆಯ ಮೇಲಿತ್ತು. ಆ ಕೌದಿ ಕಂಡರೆ ನನಗೆ ಉಸಿರು ಕಟ್ಟುತ್ತಿತ್ತು. ನಿಮ್ಮೊಬ್ಬರದೇ ನಾಯಿಯೇ ಅದು?" ಬಸಪ್ಪ ಬಹಳ ಹೊತ್ತು ಸುಮ್ಮನಿದ್ದರು. ಮೋತಿ ಒಂಟಿಯಾಗಿ ಹೋಗಲಿಲ್ಲ ಎಂಬುದು ಅವರಿಗೆ ಆಗ ತಿಳಿಯಿತು ಎಂದು ನನ್ನ ನಂಬಿಕೆ.

"ಅಪ್ಪ ಸತ್ತಾಗ ಹನಿ ಕಣ್ಣೀರು ಬರಲಿಲ್ಲ, ನಾಯಿಗೆ ಅಳುತ್ತಿದ್ದೇನೆ, ನಾನೆಂಥ ಮಗ?" ಎಂದೂ ಕೇಳಿದ್ದರು. ಒಂಬತ್ತು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅಣ್ಣ ಪರಊರಿನಲ್ಲಿದ್ದುದರಿಂದ ಮಣ್ಣಿನ ಓಡಾಟವೆಲ್ಲ ಇವರ ಮೇಲೇ ಬಿದ್ದಿತ್ತು. ಅಳಲು ಪುರುಸೊತ್ತು ಸಿಗಲಿಲ್ಲ. ಅಪ್ಪನ ಮಾತನ್ನು ಯಾರ ಹತ್ತಿರ ಆಡುತ್ತಿದ್ದಿರಿ ಎಂದು ಕೇಳಿದೆ. ನಸುಕಿನ ಕಟ್ಟೆಯ ಮೇಲೆ, ಮೋತಿಯ ಹತ್ತಿರ ಎಂದರು. ಈಗ ಇಬ್ಬರ ಅಳುವೂ ಕೂಡಿಯೇ ಬರುತ್ತಿತ್ತು.

ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದು ಬಸ್ಸಿನದು. ನಿದ್ದೆಗೆಟ್ಟ ಕಣ್ಣಿನಲ್ಲಿ ಸ್ಟಿಯರಿಂಗ್ ಹಿಡಿಯಬಾರದು. ನಿದ್ದೆ ಕೂಡುವವರೆಗೆ ರಜೆ, ಆಮೇಲೆ ಒಂದು ತಿಂಗಳು ಹಗಲು ಪಾಳಿ ಕೇಳಿ ಎಂದೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿದೆ; ಇಲ್ಲವೆಂದರು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ, ವಾರಗಳು ಕಳೆದರೂ ಊಟ, ನಿದ್ದೆ ಮರಳದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಬೇಕೆಂದೂ ತಿಳಿಸಿದೆ. ಹೊಸ ಮರಿ ಸದ್ಯಕ್ಕೆ ಬೇಡ. ಮೋತಿಯ ಜಾಗ ತುಂಬಲು ತಂದ ಮರಿಗೆ ತನ್ನದೇ ಜಾಗ ಸಿಗುವುದಿಲ್ಲ. ಕಟ್ಟೆಯ ಹತ್ತು ನಿಮಿಷ ಬಿಡಬೇಡಿ, ಇಬ್ಬರೂ ಕುಳಿತುಕೊಳ್ಳಿ ಎಂದೆ. ಮೋತಿಯನ್ನು ಬಲ್ಲವರೊಬ್ಬರನ್ನು ಮನೆಗೆ ಕರೆಯಲು ಶಾಂತವ್ವನಿಗೆ ಹೇಳಿದೆ.

ಹೊಲದ ಬದುವಿನಲ್ಲಿ ಹೂತ ಜಾಗಕ್ಕೊಂದು ಕಲ್ಲು ನಿಲ್ಲಿಸುವ ಆಸೆ ಬಸಪ್ಪನವರಿಗಿತ್ತು. ಜನ ನಕ್ಕಾರೆಂಬ ಅಳುಕು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನ ವಿಷಯ ಹೇಳಿದೆ. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಅದರ ಒಡೆಯ, ಮಣಲೆರ ಎಂಬ ಯೋಧ, ನಾಯಿಯ ನೆನಪಿಗೆ ಶಾಸನ ಹಾಕಿಸಿ, ದೇವಸ್ಥಾನಕ್ಕೆ ಭೂಮಿ ಬಿಟ್ಟ. ಕ್ರಿ.ಶ. 949-50ರ ಮಾತು. "ಸಾವಿರ ವರ್ಷದ ಹಿಂದೆಯೇ?" ಎಂದು ಬಸಪ್ಪ ಎರಡು ಸಲ ಕೇಳಿದರು.

ನಾಲ್ಕನೆಯ ಭೇಟಿಯಲ್ಲಿ ಅವರೇ ಮಾತು ತೆಗೆದರು. 11 ವರ್ಷ ಜೊತೆಗೆ ಕೆಲಸ ಮಾಡಿದ ಕಂಡಕ್ಟರ್ ಹಿಂದಿನ ಸಂಜೆ ಮನೆಗೆ ಬಂದಿದ್ದರಂತೆ, ಹೆಂಡತಿ ಕಟ್ಟಿಕೊಟ್ಟ ಬುತ್ತಿ ಹಿಡಿದು. ಕಟ್ಟೆಯ ಮೇಲೆ ಕುಳಿತು, "ಹೇಗಾಯಿತು, ಮೊದಲಿನಿಂದ ಹೇಳಿರಿ" ಎಂದರಂತೆ. ಬಸಪ್ಪ ಮಳೆಯ ರಾತ್ರಿಯ ಡಿಪೋದಿಂದ ಶುರು ಮಾಡಿದರು.